ಬಾಯಿ ಕಾಣುವ ಸಿನೆಮಾ

ಸಿನೆಮಾ ತೋರಿಸಿ ಭಾಷೆ ಕಲಿಸಬಹುದು ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಇಳಿದಾಗ ಅಂಥವರೊಬ್ಬರು ಸಿಕ್ಕರು, ರಾಯಚೂರು ಕಡೆಯ ಮಾಸ್ತರರು. ಇನ್ನೇನು ಹೈದರಾಬಾದ್ ರಾಜ್ಯ ಮುಗಿಯಿತು, ನಾವೆಲ್ಲ ಮೈಸೂರಿಗೆ ಸೇರುತ್ತೇವೆ, ಉರ್ದುವಿನಲ್ಲಿ ಓದಿದ ನಮ್ಮ ಗುಮಾಸ್ತರಿಗೆಲ್ಲ ಊರೂರಲ್ಲಿ ಕನ್ನಡ ಸಿನೆಮಾ ತೋರಿಸಿದರೆ ಒಂದು ಮಳೆಗಾಲದೊಳಗೆ ಕನ್ನಡ ಬಂದುಬಿಡುತ್ತದೆ ಎಂದರು. ಅವರ ವಾದವನ್ನು ಅಲ್ಲೇ, ಚಹಾದಂಗಡಿಯ ಬೆಂಚಿನ ಮೇಲೆ, ಮಲಗಿಸಬಹುದಿತ್ತು. ಮಲಗಿಸಲಿಲ್ಲ. ಕಾರಣ, ಈ ಸೀಮೆಯಲ್ಲಿ ಆ ವಾದದ ಪರವಾಗಿ ಅತ್ಯಂತ ಗಟ್ಟಿಯಾದ ಭಾಷಣ ಮಾಡಿದವನು ನಾನೇ.

ಅವರಿಂದ ತಪ್ಪಿಸಿಕೊಂಡು ಸ್ಟೇಷನ್ನಿನ ಹಿಂದಿನ ಓಣಿಗೆ ಹೋದೆ. ಅಲ್ಲಿ ನನ್ನ ಅಕ್ಕನ ಗಂಡ ಶರಣಪ್ಪ ಮಾಮಾ ಈಗ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಬಾಗಿಲಲ್ಲೇ, ಯಂತ್ರ ತಿರುಗಿಸುವ ಚರ್ಮದ ಪಟ್ಟಾ ಕಾದ ವಾಸನೆ ಮೂಗಿಗೆ ಬಡಿಯಿತು. ಎಣ್ಣೆ, ಚರ್ಮ, ಧೂಳು ಮೂರೂ ಸೇರಿ ಸುಟ್ಟಂಥ ವಾಸನೆ. ಎರಡು ವರ್ಷದ ಹಿಂದಿನ ಶಹಾಬಾದಿನ ಬೇಸಿಗೆ ಅಷ್ಟೂ ಅದರಲ್ಲಿತ್ತು.

ಆ ವರ್ಷ ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿದ್ದೆ. ಕೈಯಲ್ಲಿ ಚರ್ಚಾಸ್ಪರ್ಧೆಯ ಒಂದು ಬೆಳ್ಳಿ ಬಟ್ಟಲಿತ್ತು, ಕೆಲಸವಿರಲಿಲ್ಲ. ಕಾಲೇಜಿನಲ್ಲಿ ಎರಡು ವರ್ಷ ಜರ್ಮನ್ ಓದಿದ್ದೆ. ಯಾಕೆ ಎಂದರೆ, ಫಾರಸಿ ಕಲಿಸುವವರ ಜೊತೆ ಜಗಳವಾಗಿತ್ತು. ಅದೇ ಹೊತ್ತಿಗೆ ಶಹಾಬಾದಿನ ಒಂದು ಸಿಮೆಂಟು ಕಾರ್ಖಾನೆಗೆ ಜರ್ಮನಿಯಿಂದ ಕಲ್ಲು ಸುಡುವ ಹೊಸ ಭಟ್ಟಿ ಬಂತು. ಅದನ್ನು ಕೂಡಿಸಲು ವೇಬರ್ ಎಂಬ ಮುದಿ ಫೋರ್ಮನ್ ಬಂದ. ಅವನಿಗೆ ಅವನ ಭಾಷೆ ಬಿಟ್ಟರೆ ಬೇರೆ ಬಾರದು. ಮಾಮಾ ಅದೇ ಕಾರ್ಖಾನೆಯ ಹಳೆಯ ಮಿಲ್ಲಿನಲ್ಲಿ, ಕಲ್ಲು ಅರೆಯುವ ಉಕ್ಕಿನ ಡೋಲುಗಳ ಮಗ್ಗುಲಲ್ಲಿ, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಕೆಲಸಕ್ಕಿದ್ದವರು. ಅವರೇ ನನ್ನ ಹೆಸರು ಹೇಳಿದರು. ಹೀಗೆ ನಾನು ಆ ಕಾರ್ಖಾನೆಯ ಜರ್ಮನ್ ಮುನ್ಶಿಯಾದೆ, ಎಂದರೆ ಭಾಷೆ ಕಲಿಸುವವನು, ಹಂಗಾಮಿ.

ನನ್ನ ಕೆಲಸ ಸರಳ. ಹಳೆಯ ಮಿಲ್ಲು ಮುಚ್ಚಲಿತ್ತು. ಅಲ್ಲಿಯ ಎಂಟು ಜನರಿಗೆ ಮಳೆ ಬರುವುದರೊಳಗೆ ವೇಬರನ ಮಾತು ತಿಳಿಯುವಂತೆ ಮಾಡಬೇಕು. ಪರೀಕ್ಷೆಯಲ್ಲಿ ಪಾಸಾದವರಿಗೆ ಹೊಸ ಭಟ್ಟಿ. ಆಗದವರಿಗೆ ಕೆಲಸವಿಲ್ಲ, ಕೆಲಸವಿಲ್ಲದವರಿಗೆ ಕಾರ್ಖಾನೆಯ ಲೈನಿನ ಮನೆಯೂ ಇಲ್ಲ. ಆ ಎಂಟು ಜನರಲ್ಲಿ ಮಾಮಾ ಒಬ್ಬರು. ಆ ಲೈನಿನ ಮನೆಯಲ್ಲೇ ಅಕ್ಕ ಮಹಾದೇವಿ, ಅವಳ ಎರಡು ಮಕ್ಕಳು, ಒಂದು ಮೂಲೆಯಲ್ಲಿ ನಾನು.

ನಾನು ಕ್ರಮವಾಗಿ ಶುರು ಮಾಡಿದೆ. ಕರಿಹಲಗೆ ತರಿಸಿದೆ. ಇದು ಮೇಜು, ಮೇಜಿನ ಮೇಲೆ ಪುಸ್ತಕ, ಪುಸ್ತಕ ನನ್ನದು. ನಾನು ಹಲಗೆಯ ಕಡೆ ತಿರುಗಿ ಬರೆಯುತ್ತ ಹೇಳುವುದು, ಅವರು ಹಿಂದಿನಿಂದ ಒಕ್ಕೊರಲಿನಲ್ಲಿ ಹೇಳುವುದು. ಏಳು ಜನ ಹೇಳುತ್ತಿದ್ದರು. ಮಾಮಾ ಹೇಳುತ್ತಿರಲಿಲ್ಲ. ಜೋಕು ಹೊಡೆಯುತ್ತಿದ್ದರು.

"ವಕೀಲ ಸಾಹೇಬ್ರ," ಎನ್ನುತ್ತಿದ್ದರು. ನನ್ನ ವಾದದ ಚಟಕ್ಕೆ ಅವರಿಟ್ಟ ಹೆಸರು ಅದು. "ಭಟ್ಟಿ ಮ್ಯಾಲ ಮೇಜು ಎಲ್ಲಿಂದ ಬರ್ತದಪಾ? ಸುಟ್ಟು ಬೂದಿ ಆಗ್ತದ."

"ಮಾಮಾ, ನಾ ಈಗ ಏನು ಹೇಳ್ದೆ, ಅಷ್ಟು ಹೇಳ್ರಿ."

"ನೀ ಭಾಳ ಹೇಳ್ತಿ, ಬಿಡು. ನಿಮ್ಮಪ್ಪನೂ ಹಿಂಗೇ ಹೇಳ್ತಿದ್ದ. ಮದುವಿ ಮಾತುಕತಿ ದಿನ..." ಎಂದು ಸೇಡಂ ಸಂತೆಯಿಂದ ಎತ್ತು ತಂದ ಕತೆಗೆ ಇಳಿದುಬಿಡುತ್ತಿದ್ದರು. ಎಲ್ಲರೂ ನಕ್ಕು ಪಾಠ ಮುಗಿಯುತ್ತಿತ್ತು.

ನಾನು ಜೀವನದಲ್ಲಿ ಎಷ್ಟೋ ಎದುರಾಳಿಗಳನ್ನು ಕಂಡಿದ್ದೇನೆ. ಮಾಮಾನಂಥವರನ್ನು ಕಂಡಿಲ್ಲ. ಅವರು ತಾವೇ ಮಾತಾಡುತ್ತಾರೆ, ಬಿಡುವಿಲ್ಲದೆ. ನಮ್ಮ ಸರದಿ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪೂಜೆಗೆ ಕೂತವರ ಹಾಗೆ, ತಣ್ಣಗೆ. ಊಟಕ್ಕೆ ಕೂತಾಗ ನಾನು ಒಂದು ಒಳ್ಳೆಯ ಅಂಶವನ್ನು ಕಟ್ಟುತ್ತ ಕಟ್ಟುತ್ತ ಮೇಲೊಯ್ದು ಇನ್ನೇನು ಕಳಸ ಇಡಬೇಕು ಎನ್ನುವಾಗ ನೋಡಿದರೆ, ಎದುರಾಳಿ ಕಣ್ಣು ಮುಚ್ಚಿದ್ದಾನೆ. ಈ ಉದ್ಧಟತನಕ್ಕೆ ಯಾವ ಸ್ಪರ್ಧೆಯ ನಿಯಮದಲ್ಲೂ ಉತ್ತರವಿಲ್ಲ.

ಹೀಗಿರುವಾಗ ರಂಗರಾಯರು ಸಿನೆಮಾ ತಂದರು. ರಂಗರಾಯರು ನಮ್ಮ ಲೇಬರ್ ಆಫೀಸರು, ಒಳ್ಳೆಯ ಮನುಷ್ಯ, ಸಿನೆಮಾದ ಹುಚ್ಚ. ಚಿತ್ತಾಪುರದಲ್ಲಿ ಟೂರಿಂಗ್ ಟಾಕೀಸು ಬಂದರೆ ರಜೆ ಹಾಕಿ ಹೋಗುವವರು. ಮುಂಬೈಯ ಜರ್ಮನ್ ಕಚೇರಿಗೆ ಬರೆದು, ಒಂದು ಸಣ್ಣ ಮಷೀನನ್ನೂ ಮೂರು ಚಿತ್ರಗಳ ಡಬ್ಬಿಗಳನ್ನೂ ತರಿಸಿಕೊಂಡಿದ್ದರು.

"ವೀರಣ್ಣ, ನಿನ್ನ ಮೇಜು ಕುರ್ಚಿ ಬಿಡು ಇನ್ನ," ಎಂದರು. "ಮಂದಿ ಸಿನೆಮಾ ನೋಡ್ಲಿಕ್ಕ ಹತ್ತಿದ್ರ ಭಾಷಾ ತಾನೇ ಬರ್ತದ. ನಾ ಹಿಂದಿ ಹ್ಯಾಂಗ ಕಲ್ತೆ ಅಂತಿ?"

"ನಿಮಗ ಮೊದಲ ಉರ್ದು ಬರ್ತಿತ್ರೀ ಸರ್. ಹಿಂದಿ ನೀವು ಕಲೀಲಿಲ್ಲ, ಅದು ನಿಮ್ಮ ಮನ್ಯಾಗ ಇತ್ತು."

"ಇದಕ್ಕ ನಿನಗ ವಕೀಲ ಅಂತಾರ ನೋಡು," ಎಂದು ರಾಯರು ಬೆನ್ನು ತಟ್ಟಿದರು. ಬೆನ್ನು ತಟ್ಟುವುದು ಉತ್ತರವಲ್ಲ ಎಂದು ಎಷ್ಟು ಸಲ ಹೇಳುವುದು?

ಖಾಲಿ ಚೀಲಗಳ ಗೋದಾಮಿನಲ್ಲಿ, ರವಿವಾರ ಮಧ್ಯಾಹ್ನ, ಕಿಟಕಿಗಳಿಗೆ ಗೋಣಿ ಹೊಡೆದು ಸಿನೆಮಾ ಶುರುವಾಯಿತು. ತಗಡಿನ ಮಾಡು. ಶಹಾಬಾದಿನ ಬೇಸಿಗೆ. ಕೆಳಗೆ ಫರಸಿ ಕಲ್ಲು ಕೂಡ ಬಿಸಿ. ಮಷೀನಿನ ದೀಪ ಕಾದು ಅದರದೊಂದು ಸುಟ್ಟ ವಾಸನೆ, ಪಕ್ಕದ ಮಿಲ್ಲಿನ ಪಟ್ಟಾದ ವಾಸನೆ, ನಲವತ್ತು ಜನರ ಬೆವರು. ಎಂಟು ಜನರಿಗೆಂದು ಇಟ್ಟ ಪಾಠಕ್ಕೆ ಇಡೀ ಲೈನೇ ಬಂದಿತ್ತು, ಕೂಸುಗಳ ಸಮೇತ.

ಮೊದಲ ಎರಡು ಚಿತ್ರ ನನ್ನ ದೃಷ್ಟಿಯಲ್ಲಿ ಪಾಠಕ್ಕೆ ತಕ್ಕವು. ಒಂದು ಸೇತುವೆ ಕಟ್ಟುವುದು, ಇನ್ನೊಂದು ಗಡಿಯಾರ ಮಾಡುವುದು. ಪರದೆಯ ಮೇಲೆ ಕಬ್ಬಿಣ, ಹಿಂದಿನಿಂದ ಒಬ್ಬ ಗಂಭೀರ ಮನುಷ್ಯನ ಸ್ಪಷ್ಟವಾದ ದನಿ. ಮಿಲ್ಲಿನವರು ಅದನ್ನು ಐದು ನಿಮಿಷವೂ ತಡೆಯಲಿಲ್ಲ.

"ಮಾತಾಡವ ಎಲ್ಲಿ ಅದಾನ್ರೀ ಸಾಹೇಬ?" ಎಂದು ಕೂಗಿದವನು ಖಾಜಾ ಮಿಯಾ, ಮಾಮಾನ ಜೋಡಿ, ಡೋಲಿನ ಆ ಮಗ್ಗುಲಿನವನು.

"ಅವ ಕಾಣಂಗಿಲ್ಲ. ದನಿ ಅಷ್ಟೇ."

"ಬಾಯಿ ಕಾಣದ ಸಿನೆಮಾ ಏನು ಸಿನೆಮಾರೀ? ಬಾಯಿ ಕಾಣೋದು ಹಚ್ರಿ!" ಇದು ಮಾಮಾ, ಎಲ್ಲರಿಗಿಂತ ಮುಂದೆ, ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಕೂತವರು.

ಬಾಯಿ ಕಾಣುವುದು ಮೂರನೆಯ ಚಿತ್ರ. ಹಿಮದ ಗುಡ್ಡದ ಮೇಲೆ ಒಬ್ಬ ವಿಧವೆ, ಅವಳ ದನಗಳು, ಒಂದು ನಾಯಿ, ಒಬ್ಬ ಸೋಮಾರಿ ಆಳು. ಮುಖವನ್ನು ಪರದೆ ತುಂಬ ತೋರಿಸುತ್ತಿದ್ದರು. ಆ ಹೆಂಗಸು ಇಡೀ ಚಿತ್ರದಲ್ಲಿ ಅಪ್ಪಣೆ ಮಾಡುವುದೇ ಕೆಲಸ. ಕೊಟ್ಟಿಗೆಯ ಬಾಗಿಲಿಗೆ ಔಫ್ ಎಂದರೆ ತೆರೆ, ತ್ಸೂ ಎಂದರೆ ಮುಚ್ಚು. ನಾಯಿಗೆ ಹಾಲ್ಟ್, ನಿಲ್ಲು. ಆಳಿಗೆ ಲಾಂಗ್‌ಝಾಮ್, ನಿಧಾನ. ಅದನ್ನು ಅವರು ಎರಡನೆಯ ಸಲ ಕೇಳಿದರು, ಮೂರನೆಯ ಸಲ ಕೇಳಿದರು. ಆಮೇಲಿನ ರವಿವಾರಗಳಲ್ಲಿ ಸೇತುವೆಯ ಡಬ್ಬಿ ಮುಟ್ಟಲು ಹೋದರೆ ಗಲಾಟೆ. ವಿಧವೆ ಬಾಯಿ ತೆರೆಯುವ ಮೊದಲೇ ಮಾಮಾ "ಔಫ್!" ಎನ್ನುತ್ತಿದ್ದರು. ಕರಿಹಲಗೆಯ ಮುಂದೆ ಒಂದು ಶಬ್ದ ಹೇಳದ ಮನುಷ್ಯ! ಇದು ನನಗೆ ಬೇಕಂತಲೇ ಮಾಡುವ ಅವಮಾನ ಎಂದುಕೊಂಡೆ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಕೊನೆಗೆ ಮಷೀನಿನ ದನಿಯೇ ಸತ್ತಿತು. ಯಾವುದೋ ಬಲ್ಬು ಹೋಗಿ ಚಿತ್ರ ಓಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಬಲ್ಬು ಮುಂಬೈಯಿಂದ ಬರಬೇಕು. ರಂಗರಾಯರು ಹಣೆ ಹಿಡಿದು ಕೂತರು. ನಾನು, ಸುಳ್ಳೇಕೆ ಹೇಳಲಿ, ಒಳಗೊಳಗೇ ಕುಣಿದೆ.

"ನಡೀಲಿ ಬಿಡ್ರಿ ರಾಯರ," ಎಂದರು ಮಾಮಾ. "ದನಿ ತಗೊಂಡು ಏನು ಮಾಡಾದದ?"

"ದನಿ ಕಾಯ್ಕೋ ಹೋನಾ ಜೀ," ಎಂದ ಖಾಜಾ ಮಿಯಾ, ದನಿ ಯಾತಕ್ಕೆ ಬೇಕು ಎಂದು ತನ್ನ ಉರ್ದುವಿನಲ್ಲಿ. ನಡೆಯಿತು! ದನಿ ಇಲ್ಲದ ಸಿನೆಮಾದಲ್ಲಿ ಆ ಎಂಟು ಜನ ಜರ್ಮನ್ ಕಲಿಯುತ್ತ ಕೂತರು. ಮೊದಲಿಗಿಂತ ಶಾಂತವಾಗಿ. ತುಟಿ ನೋಡುವುದು, ತಮ್ಮ ತುಟಿ ಆಡಿಸುವುದು. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು.

ಆ ವಾರವೇ ಮ್ಯಾನೇಜರಿಗೆ ಎರಡು ಪುಟ ಬರೆದು ಕೊಟ್ಟೆ. ಸಿನೆಮಾ ನಿಲ್ಲಿಸಬೇಕು, ಇದು ಭಾಷೆಯ ಕಲಿಕೆಯಲ್ಲ, ಮಂಗನ ಅಣಕ. ಪರೀಕ್ಷೆ ಶುದ್ಧವಾಗಿರಬೇಕು. ಆಫೀಸಿನ ಶಾಂತ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂಡಿಸಿ, ವೇಬರ್ ಪರದೆಯ ಹಿಂದೆ ನಿಂತು ಅಪ್ಪಣೆ ಹೇಳಬೇಕು. ಕೈಸನ್ನೆ, ಕಣ್ಸನ್ನೆಯ ಸಹಾಯ ಇರಬಾರದು. ಕಿವಿಗೆ ಬಿದ್ದದ್ದು ತಿಳಿಯಿತೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಆ ಎರಡು ಪುಟದಲ್ಲಿ ಒಂದು ಬಿರುಕೂ ಇರಲಿಲ್ಲ. ಮ್ಯಾನೇಜರರು ಮೆಚ್ಚಿ, ಶುಕ್ರವಾರ ನಾನೂ ರಂಗರಾಯರೂ ಅವರೆದುರು ಕೂತು ಮಾತಾಡಬೇಕು, ಆಮೇಲೆ ತೀರ್ಮಾನ ಎಂದರು.

ಶುಕ್ರವಾರ ಮಧ್ಯಾಹ್ನ ಉಣ್ಣಲು ಮನೆಗೆ ಬಂದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಮಾಮಾ ಹಿತ್ತಿಲಲ್ಲಿ ಬೆನ್ನು ಹಾಕಿ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು. ನಾನು ಪರದೆಯ ಸಂಗತಿಯನ್ನು ಹೆಮ್ಮೆಯಿಂದ ಹೇಳಿದೆ. ಅಕ್ಕನ ಕೈ ನಿಂತಿತು.

"ಪರದೆ ಹಿಂದ?"

"ಹೌದಕ್ಕ. ಮುಖ ಕಂಡ್ರ ಮಂದಿ ಅಂದಾಜು ಮಾಡ್ತಾರ."

"ಸತ್ವಿ ಬಿಡು," ಎಂದಳು ಅಕ್ಕ. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. "ನಿಮ್ಮ ಮಾಮಾಗ ಕಿವಿ ಕೇಳಂಗಿಲ್ಲೋ ವೀರೂ."

"ಹುಚ್ಚಿ ಹಂಗ ಮಾತಾಡಬ್ಯಾಡ. ದಿನಾ ನನ್ನ ಜೋಡಿ ಜಗಳಾಡ್ತಾರ."

"ನಿನ್ನ ಜೋಡಿ ಅಲ್ಲ, ನಿನ್ನ ತುಟಿ ಜೋಡಿ. ಮಿಲ್ಲಿನ್ಯಾಗ ಯಾರು ಯಾರ ಮಾತು ಕಿವೀಲೆ ಕೇಳ್ತಾರ? ಎಲ್ಲಾರೂ ಬಾಯಿ ನೋಡೇ ಮಾತಾಡ್ತಾರ. ಅದಕ್ಕ ಅಲ್ಲಿ ಯಾರಿಗೂ ಇದು ಗೊತ್ತಾಗಿಲ್ಲ. ಖಾಜಾ ಭಾವಗ ಅಷ್ಟೇ ಗೊತ್ತದ. ಆಫೀಸಿಗೆ ಗೊತ್ತಾದ್ರ ನಾಳಿಗೇ ಹೊರಗ ಹಾಕ್ತಾರ."

ನಾನು ಸಾಕ್ಷಿ ಇಲ್ಲದೆ ನಂಬುವವನಲ್ಲ. ಎದ್ದು ಹಿತ್ತಿಲ ಬಾಗಿಲಿಗೆ ಹೋದೆ. ಮಾಮಾ ಸುತ್ತಿಗೆ ಕೆಳಗಿಟ್ಟು ಮೊಳೆ ಹುಡುಕುತ್ತಿದ್ದರು, ಸದ್ದಿರಲಿಲ್ಲ. "ಮಾಮಾ, ನಿಮ್ಮ ಸೇಡಂ ಎತ್ತು ಕುಂಟ ಇತ್ತು," ಎಂದೆ. ಆ ಎತ್ತಿನ ಬಗ್ಗೆ ಒಂದು ಮಾತು ಆಡಿದರೆ ಅವರು ಊರು ಎಬ್ಬಿಸುತ್ತಿದ್ದರು. ಹೊರಳಲಿಲ್ಲ. "ನಿಮ್ಮ ಹೇಣ್ತಿ ತಮ್ಮ ನಿಮ್ಮನ್ನ ಮೋಸಗಾರ ಅಂತಾನ," ಎಂದು ಕೂಗಿದೆ. ಪಕ್ಕದ ಮನೆಯ ನಾಯಿ ಹೊರಳಿತು.

ಆಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಇಷ್ಟು ದಿನ ನಾನು ಕಟ್ಟಿದ ಒಳ್ಳೊಳ್ಳೆಯ ಅಂಶಗಳೆಲ್ಲ ಎಲ್ಲಿಗೆ ಹೋದವು? ಕಣ್ಣು ಮುಚ್ಚಿದಾಗಲೆಲ್ಲ ಈ ಮನುಷ್ಯ ನನ್ನ ಮುಖಕ್ಕೇ ಬಾಗಿಲು ಹಾಕುತ್ತಿದ್ದರೇ? ಇದಕ್ಕಿಂತ ಹೆಚ್ಚಿನ ಸಿಟ್ಟು, ಆ ಎರಡು ಬಿರುಕಿಲ್ಲದ ಪುಟಗಳ ಮೇಲೆ. ಮೂರು ಗಂಟೆಗೆ ಮ್ಯಾನೇಜರರ ಎದುರು ಅವನ್ನು ನಾನೇ ಒಡೆಯಬೇಕಿತ್ತು.

ಮ್ಯಾನೇಜರರು ವಿಜಾಪುರದ ಕಡೆಯವರು, ಗಡಿಯಾರ ನೋಡಿ ಮಾತಾಡುವವರು. "ಹೂಂ, ನಿಮ್ಮ ವಿರೋಧ ಹೇಳ್ರಿ," ಎಂದರು.

"ವಿರೋಧ ಇಲ್ರಿ ಸರ್," ಎಂದೆ. "ಸಿನೆಮಾ ಬೇಕು. ಅದೂ ದನಿ ಇಲ್ಲದ ಸಿನೆಮಾ ಬೇಕು."

ರಂಗರಾಯರು ಕುರ್ಚಿಯಲ್ಲಿ ನೆಟ್ಟಗಾದರು. ನಾನು ಎದ್ದು ನಿಂತೆ. ಬೇರೆ ರೀತಿಯಲ್ಲಿ ವಾದಿಸಲು ನನಗೆ ಬರುವುದಿಲ್ಲ. ವೇಬರ್ ಅಪ್ಪಣೆ ಕೊಡುವುದು ಎಲ್ಲಿಂದ? ಭಟ್ಟಿಯ ಮುಂದಿನ ಎತ್ತರದ ಅಟ್ಟದ ಮೇಲಿಂದ. ಅಲ್ಲಿ ಯಾರ ದನಿ ಯಾರಿಗೆ ಕೇಳುತ್ತದೆ? ಯಾರದೂ ಇಲ್ಲ. ಹಾಗಾದರೆ ಶಾಂತ ಕೋಣೆಯಲ್ಲಿ ಕಿವಿಯಿಂದ ಪಾಸಾದವನು ಅಟ್ಟದ ಮೇಲೆ ಏನಾಗುತ್ತಾನೆ? ಕಂಬ. ನಾವು ಬೇಸಿಗೆಯೆಲ್ಲ ಕಿವಿಗೆ ಕಲಿಸಿ, ಕಿವಿ ಸತ್ತ ಜಾಗಕ್ಕೆ ಜನರನ್ನು ಕಳಿಸುತ್ತೇವೆ, ಇದು ಯಾವ ನ್ಯಾಯ? ಸಿನೆಮಾದಲ್ಲಿ ಮುಖ ಗೋಡೆಯಷ್ಟು ದೊಡ್ಡದು, ತುಟಿ ಬಾಗಿಲಷ್ಟು. ಇದಕ್ಕಿಂತ ಒಳ್ಳೆಯ ಶಾಲೆ ಯಾವುದು?

"ಆದ್ರ ವೀರಣ್ಣ," ಎಂದರು ರಂಗರಾಯರು ಕಳವಳದಿಂದ, "ದನಿ ಬೇಕಲ್ಲಪಾ. ದನಿ ಇಲ್ಲಂದ್ರ ಅದು ಹ್ಯಾಂಗ ಭಾಷಾ ಆಗ್ತದ?"

ನೋಡಿ, ಎಂಥ ಮನುಷ್ಯ! ಸಿನೆಮಾದ ಪರ ನಿಂತವರು ಈಗ ನನ್ನ ಹಳೆಯ ವಾದವನ್ನೇ ಎತ್ತಿ ನನ್ನ ಮೇಲೆ ಎಸೆಯುತ್ತಿದ್ದರು. ಅವರನ್ನು ಸೋಲಿಸಲು ನನ್ನನ್ನೇ ಸೋಲಿಸಬೇಕಾಯಿತು. "ಸರ್, ನೀವು ಟಾಕೀಸಿನ್ಯಾಗ ಕುಂತೀರಿ. ಅಟ್ಟದ ಮ್ಯಾಲ ಒಮ್ಮೆರೆ ಕುಂತೀರೇನು?" ಎಂದೆ. ರಾಯರು ಕುಂತಿರಲಿಲ್ಲ.

"ಮತ್ತ ನಿಮ್ಮ ಈ ಕಾಗದ?" ಮ್ಯಾನೇಜರರು ನನ್ನ ಎರಡು ಪುಟ ಎತ್ತಿ ಹಿಡಿದರು.

"ಅದನ್ನ ಮಿಲ್ಲಿನ ಬಾಗಲಾಗ ನಿಂತು ಕೇಳ್ರಿ ಸರ್, ಭಟ್ಟಿ ಅಟ್ಟ ಅದರ ಮಗ್ಗುಲಾಗೇ ಅದ. ನಾ ಕೂಗಿ ಓದ್ತೀನಿ. ಒಂದು ಸಾಲು ಕೇಳಿಸಿದ್ರ ನಾ ಸೋತೆ."

ಅವರು ಎದ್ದೇಬಿಟ್ಟರು. ನಾವು ಮೂವರೂ ಬಿಸಿಲಲ್ಲಿ ನಡೆದು ಮಿಲ್ಲಿನ ಬಾಗಿಲಿಗೆ ಹೋದೆವು. ನಾನು ಗಂಟಲು ಹರಿಯುವಂತೆ ನನ್ನದೇ ವಾದವನ್ನು ಓದಿದೆ. ಡೋಲುಗಳ ಗುಡುಗಿನಲ್ಲಿ ನನ್ನ ಒಂದಕ್ಷರ ನನಗೇ ಕೇಳಲಿಲ್ಲ. ಮ್ಯಾನೇಜರರು ಸಾಕೆಂದು ಕೈ ಎತ್ತಿದರು. ಪರೀಕ್ಷೆ ಅಟ್ಟದ ಮೇಲೆ ಎಂದು ತೀರ್ಮಾನವಾಯಿತು.

ಪರೀಕ್ಷೆಯ ದಿನ ಆಕಾಶ ಕಪ್ಪಗಿತ್ತು, ಮಳೆ ಬಿದ್ದಿರಲಿಲ್ಲ. ಹಳೆಯ ಮಿಲ್ಲು ಮಗ್ಗುಲಲ್ಲೇ ಓಡುತ್ತಿತ್ತು. ಭಟ್ಟಿಗೆ ಗಾಳಿ ಬಿಡುವ ಬಾಗಿಲಿನ ಚಕ್ರ ಒಬ್ಬೊಬ್ಬರ ಕೈಗೆ. ವೇಬರ್ ಎದುರು ನಿಂತು ಬಾಯಿ ಆಡಿಸುವುದು, ಅವರು ತಿರುಗಿಸುವುದು. ಖಾಜಾ ಮಿಯಾ ಪಾಸಾದ. ಮಾಮಾನ ಸರದಿ ಬಂತು. ಔಫ್. ತಿರುಗಿಸಿದರು. ಲಾಂಗ್‌ಝಾಮ್. ನಿಧಾನ ಮಾಡಿದರು. ತ್ಸೂ. ಮುಚ್ಚಿದರು. ಮತ್ತೆ ಔಫ್. ಅಷ್ಟರಲ್ಲಿ ವೇಬರ್ ಹಿಂದೆ ತಿರುಗಿ ಗೋಡೆಯ ಮೀಟರು ನೋಡಿದ. ನೋಡುತ್ತಲೇ, ಬೆನ್ನು ಹಾಕಿಕೊಂಡೇ, ಒಂದು ಕೂಗು ಕೂಗಿದ. ಅವನ ಮಗ್ಗುಲಲ್ಲಿದ್ದ ನನಗೂ ಮ್ಯಾನೇಜರರಿಗೂ ಅದು ಮಸುಕಾಗಿ ಕೇಳಿಸಿತು. ಹಾಲ್ಟ್.

ಮಾಮಾ ತಿರುಗಿಸುತ್ತಲೇ ಇದ್ದರು.

ಮ್ಯಾನೇಜರರು ನನ್ನ ಕಡೆ ನೋಡಿದರು. ಅಕ್ಕನ ಹಂಚಿನ ಮೇಲೆ ಕರಿಯಾದ ರೊಟ್ಟಿಯೊಂದು ನನ್ನ ಕಣ್ಣ ಮುಂದೆ ನಿಂತಿತ್ತು.

ವೇಬರ್ ಹೊರಳಿ ಚಕ್ರವನ್ನು ನೋಡಿದ, ಮಾಮಾನ ಮುಖ ನೋಡಿದ. ಎರಡು ಹೆಜ್ಜೆ ಬಂದು ಅವರೆದುರು ಸರಿಯಾಗಿ ನಿಂತು, ಬಾಯಿ ಅಗಲಿಸಿ ಅದೇ ಮಾತು ಮತ್ತೆ ಹೇಳಿದ. ಚಕ್ರ ನಿಂತಿತು. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ ಏನೋ ಕೂಗಿದ. ಅವನ ಎರಡೂ ಕಿವಿಯಲ್ಲಿ ಹತ್ತಿ ಇತ್ತು, ಅದು ಹೊಸ ಹತ್ತಿಯಲ್ಲ. ನಾನು ಮ್ಯಾನೇಜರರ ಕಿವಿಗೆ ಬಾಯಿ ಹಚ್ಚಿ ಕನ್ನಡ ಮಾಡಿದೆ. "ತಪ್ಪು ತನ್ನದಂತ್ರಿ. ಇಂಥಾ ಜಾಗಾದಾಗ ಮುಖಾ ತೋರಿಸದ ಅಪ್ಪಣಿ ಕೊಡಬಾರದಂತ." ಇದರಲ್ಲಿ ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ. ಮಾಮಾನ ಸಂಗತಿ ಅವನಿಗೆ ಗೊತ್ತಾಯಿತೋ ಇಲ್ಲವೋ, ನನ್ನ ಹತ್ತಿರ ಸಾಕ್ಷಿ ಇಲ್ಲ. ಆ ದಿನದಿಂದ ಅವನು ಹಿಂದಿರುಗುವ ತನಕ ಯಾರಿಗೂ ಬೆನ್ನು ಹಾಕಿ ಮಾತಾಡಲಿಲ್ಲ, ಅಷ್ಟು ನಾನು ಕಂಡದ್ದು.

ಮಾಮಾ ಪಾಸಾದರು. ಮನೆ ಉಳಿಯಿತು. ಅದರ ಫಲ ಅನುಭವಿಸಿದವನು ನಾನು. ಮ್ಯಾನೇಜರರಿಗೆ ನನ್ನ ಭಾಷಣ ಎಷ್ಟು ಹಿಡಿಸಿತೆಂದರೆ, ಇನ್ನು ಎಲ್ಲ ಖಾತೆಗಳ ಕೆಲಸಗಾರರಿಗೂ ಪ್ರತಿ ರವಿವಾರ ಸಿನೆಮಾ, ದನಿ ಬಂದ್ ಮಾಡಿ, ಉಸ್ತುವಾರಿ ಜರ್ಮನ್ ಮುನ್ಶಿಯದು ಎಂದು ಹುಕುಂ ಹೊರಡಿಸಿದರು. ಬಲ್ಬು ಬಂತು. ರಂಗರಾಯರು ಅದನ್ನು ನನ್ನ ಕೈಗಿಟ್ಟು, "ಹಾಕಬ್ಯಾಡಂತ ನೀನೇ ಅಂದೀದಿ," ಎಂದು ನಿಟ್ಟುಸಿರಿಟ್ಟರು. ಆ ಮಳೆಗಾಲವಿಡೀ ನಾನು ತಗಡಿನ ಮೇಲೆ ಮಳೆ ಬಡಿಯುವ ಗೋದಾಮಿನಲ್ಲಿ ಆ ವಿಧವೆ ಬಾಯಿ ತೆರೆಯುವುದನ್ನೂ ಮುಚ್ಚುವುದನ್ನೂ ನೋಡಿದೆ. ಅವಳ ದನಗಳ ಗುರುತು ಈಗಲೂ ಹೇಳಬಲ್ಲೆ.

ಈಗ ಇದನ್ನೆಲ್ಲ ಬರೆಯಬಹುದು. ಮಾಮಾ ಹೋದ ವರ್ಷ ತಾವಾಗಿಯೇ ಕಾರ್ಖಾನೆ ಬಿಟ್ಟು ವಾಡಿಗೆ ಬಂದರು. ಯಾರೂ ಯಾರ ಮಾತನ್ನೂ ಕೇಳಲಾಗದ ಇನ್ನೊಂದು ಜಾಗ ಬೇಕಿತ್ತು, ಗಿರಣಿ ಸಿಕ್ಕಿತು. ಮೊನ್ನೆ ಅವರು ಜೋಳದ ಹಿಟ್ಟಿನಲ್ಲಿ ಹುಬ್ಬು ತನಕ ಬೆಳ್ಳಗಾಗಿ ನಿಂತಿದ್ದರು. ನಾನು ಎದುರಿಗೆ ನಿಂತು, ತುಟಿ ಬಿಡಿಸಿ, ಆ ಮಾಸ್ತರರ ಸಂಗತಿ ಹೇಳಿದೆ. "ನೋಡ್ರಿ ಮಾಮಾ, ಖರೇ ಹೇಳ್ತೀನಿ. ನೀವು ಸಿನೆಮಾದಿಂದ ಜರ್ಮನ್ ಕಲೀಲಿಲ್ಲ. ನಾಲ್ಕು ಅಪ್ಪಣಿ ಕಲ್ತ್ರಿ. ಒಂದು ಮಿಲ್ಲಿನ ಸಂಗತಿ ಮ್ಯಾಲ ಸಿನೆಮಾ ಭಾಷಾ ಕಲಿಸ್ತದ ಅನ್ನೋದು..."

ಅವರು ಕಣ್ಣು ಮುಚ್ಚಿಕೊಂಡರು.

ಗಾಡಿಗೆ ಕಳಿಸಲು ಪ್ಲಾಟ್‌ಫಾರ್ಮಿನ ತನಕ ಬಂದರು. ನಾನು ಹತ್ತಿ ಕಿಟಕಿಯ ಬಳಿ ಕೂತೆ. ಎಂಜಿನ್ನು ಹಬೆ ಬಿಟ್ಟಿತು, ಸದ್ದಿನಲ್ಲಿ ಲೋಕವೆಲ್ಲ ಮುಳುಗಿತು. ಮಾಮಾ ಕೆಳಗೆ ನಿಂತು ಏನೋ ಹೇಳುತ್ತಿದ್ದರು, ಉದ್ದವಾಗಿ, ಕೈ ಆಡಿಸುತ್ತ, ತುಟಿ ಅಗಲಿಸಿ ಬಿಡಿಸಿ. ನನ್ನ ವಾದಕ್ಕೆ ಉತ್ತರವೇ ಇರಬೇಕು, ಮುಖ ನೋಡಿದರೆ ಒಳ್ಳೆಯ ಉತ್ತರ. ನನಗೆ ಒಂದು ಮಾತೂ ತಿಳಿಯಲಿಲ್ಲ. "ಏನ್ರೀ? ಏನಂದ್ರಿ?" ಎಂದು ಕೂಗಿದೆ. ಗಾಡಿ ಜಗ್ಗಿತು. ಅವರು ನಾನು ಕೂಗುವುದನ್ನು ಸಾವಕಾಶ ಪೂರ್ತಿ ನೋಡಿ, ನಕ್ಕು, ಮತ್ತೆ ಕಣ್ಣು ಮುಚ್ಚಿಕೊಂಡರು.